ಒಂಬತ್ತು ಬಾಗಿಲು

ಹಳೆಯದರಲ್ಲಿ ಹದಿನಾಲ್ಕು ಕಟ್ಟೆಗಳಿದ್ದವು.
ಹೊಸದರಲ್ಲಿ ಒಂಬತ್ತು ಬಾಗಿಲು, ಎಲ್ಲವೂ ಗಾಜು.
ನಕ್ಷೆಯನ್ನು ಕ್ಯಾಂಟೀನಿನ ಗೋಡೆಗೆ ಅಂಟಿಸಿದ ದಿನ
ನಾವು ಚಾಲಕರು ಚಹಾ ಲೋಟ ಹಿಡಿದು ಎಣಿಸಿದೆವು,
ಬೆರಳು ಮಡಚಿ, ಮತ್ತೊಮ್ಮೆ.
ಐದು ಎಲ್ಲಿ ಹೋದವು ಎಂದು ಕೇಳಿದವನು ಗೆಥಿನ್ ಒಬ್ಬನೇ.
ಹರಿವು ಸರಾಗವಾಗುತ್ತದೆ, ಅಂದಳು ನಕ್ಷೆ ತಂದ ಹುಡುಗಿ,
ನೀರಿನ ಮಾತಾಡಿದ ಹಾಗೆ.

ವೇಲ್ಸಿನ ಈ ಕಣಿವೆಯಲ್ಲಿ ನಾವು ಬಸ್ಸಿಗೆ ಬುಸ್ ಎನ್ನುತ್ತೇವೆ.
ಫಲಕದಲ್ಲೂ ಹಾಗೇ, ಇಂಗ್ಲಿಷಿಗಿಂತ ಒಂದು ಗೇಣು ಮೇಲೆ.
ಬಾಗಿಲು ಉಸಿರು ಬಿಡುವ ಸದ್ದು ಕೇಳಿಯೇ
ಯಾರೋ ಇಟ್ಟ ಹೆಸರು ಎಂದು
ಚಿಕ್ಕವಳಿದ್ದಾಗ ನಂಬಿದ್ದೆ.

ಹಳೆಯ ನಿಲ್ದಾಣದಲ್ಲಿ ನಾವು ಹಿಂದೆ ಸರಿದದ್ದೇ ಇಲ್ಲ.
ಒಂದು ಕಡೆಯಿಂದ ನುಗ್ಗು, ಕಟ್ಟೆಗೆ ಮೈಯೊರಗಿಸು,
ಇನ್ನೊಂದು ಕಡೆಯಿಂದ ಹೊರಬೀಳು.
ನಡುವೆ ಜನ ಓಡುತ್ತಿದ್ದರು: ಕೊಡೆ, ಕೂಸು, ಬಿಸಿ ಚಿಪ್ಸಿನ ಪೊಟ್ಟಣ,
ಒಂದೊಂದು ಸಲ ನಾಯಿ.
ಹನ್ನೊಂದು ವರ್ಷದ ಹಿಂದೆ, ಆರನೆಯ ಕಟ್ಟೆಯ ಎದುರು
ಒಬ್ಬ ಓಡಿದ, ನಾನು ಬ್ರೇಕು ತುಳಿದೆ.
ಅವನು ಬದುಕಿದ. ನನ್ನ ಬಲಗಾಲು ಇನ್ನೂ
ರಾತ್ರಿ ಹಾಸಿಗೆಯಲ್ಲಿ ತುಳಿಯುತ್ತದೆ.
ಹಾಗಾಗಿ ಎಲ್ಲರೂ ಹೊಸ ನಕ್ಷೆಯನ್ನು ಬೈಯುವಾಗ
ನಾನು ಸ್ವಲ್ಪ ಮೆಲ್ಲಗೆ ಬೈದೆ.

ಈಗ ಮೂತಿ ಒಳಗೆ. ಗೋದಲಿಗೆ ಬಂದ ದನಗಳ ಹಾಗೆ
ಗಾಜಿಗೆ ಮೂಗು ಚಾಚಿ ಸಾಲಾಗಿ ನಿಲ್ಲುತ್ತವೆ ಬಸ್ಸು.
ಜನ ಒಳಗಿರುತ್ತಾರೆ, ಒಣಗಿದ ಜನ, ಬೆಚ್ಚಗಿನ ಜನ.
ಹೊರಡಬೇಕೆಂದರೆ ಹಿಂದಕ್ಕೆ.
ತೆರೆಯುವ ಮುಂಚೆ ಮೂರು ರಾತ್ರಿ, ಖಾಲಿ ಬಸ್ಸಿನಲ್ಲಿ,
ಕಿತ್ತಳೆ ಬಣ್ಣದ ಶಂಕುಗಳ ನಡುವೆ ಹಿಮ್ಮುಖ ಕಲಿಸಿದರು,
ಇಪ್ಪತ್ತೆರಡು ವರ್ಷ ಓಡಿಸಿದವಳಿಗೆ.
ಗೆಥಿನ್ ನಾಲ್ಕು ಶಂಕು ಅಪ್ಪಚ್ಚಿ ಮಾಡಿದ.
ಐದು ಕಟ್ಟೆಗೆ ನಾಲ್ಕು, ಇನ್ನೊಂದು ಬಾಕಿ ಇದೆ, ಅಂದ.

ಟೆಗ್ವೆನ್‌ಗೆ ಕಣ್ಣು ಕಾಣದು. ಮಂಗಳವಾರ, ಶುಕ್ರವಾರ
ಬ್ರಿನ್ ಹೆಲಿಗ್‌ಗೆ ತಂಗಿಯ ಮನೆಗೆ ಹೋಗುವವಳು.
ಹಳೆಯದು ಅವಳಿಗೆ ಬಾಯಿಪಾಠ:
ಹುರಿದ ಮೀನಿನ ವಾಸನೆಯಿಂದ ಹದಿನಾರು ಹೆಜ್ಜೆ,
ಸೋರುವ ಕೊಳವೆ ಎಡಗಿವಿಗೆ ಬಂದರೆ ಏಳನೆಯ ಕಟ್ಟೆ,
ಅಲ್ಲಿ ಸಿಮೆಂಟು ಒಡೆದಿದೆ, ಕೋಲು ಸಿಕ್ಕಿಕೊಳ್ಳುತ್ತದೆ,
ನಿಲ್ಲು.

ಹೊಸದರಲ್ಲಿ ಸೋರುವುದು ಏನೂ ಇಲ್ಲ.
ನೆಲದಲ್ಲಿ ಒಂದು ಹಾದಿ ಎಬ್ಬಿಸಿದ್ದಾರೆ:
ಉದ್ದ ಗೆರೆಯಿದ್ದರೆ ನಡಿ,
ಕೋಟಿನ ಗುಂಡಿಯಷ್ಟು ಉಬ್ಬಿದ್ದರೆ ನಿಲ್ಲು.
ಟೆಗ್ವೆನ್ ಬೂಟು ಕಳಚಿಟ್ಟು, ಕಾಲುಚೀಲದಲ್ಲಿ,
ಮೊದಲಿಂದ ಕೊನೆಯವರೆಗೆ ಅದನ್ನು ಓದಿದಳು.
ನಾವೆಲ್ಲ ಸುಮ್ಮನೆ ನಿಂತಿದ್ದೆವು, ಪರೀಕ್ಷೆಗೆ ಕೂತ ಮಕ್ಕಳ ಹಾಗೆ.
ಒಂಬತ್ತನೆಯ ಬಾಗಿಲ ಬಳಿ ಹೆಬ್ಬೆರಳು ಊರಿ ಹೇಳಿದಳು:
ಇಲ್ಲಿ ಒಂದು ಹಲಗೆ ತಪ್ಪಿದೆ.
ನಿಲ್ಲು ಅನ್ನಬೇಕಾದ ನೆಲ ನಡಿ ಅನ್ನುತ್ತಿದೆ.
ನಕ್ಷೆಯ ಹುಡುಗಿ ಮಂಡಿಯೂರಿ
ಅಂಗೈ ಇಟ್ಟು ನೋಡಿದಳು.
ಬಹಳ ಹೊತ್ತು ಎದ್ದೇಳಲಿಲ್ಲ.

ಹಲಗೆ ಬದಲಾಯಿತು.
ಕಳೆದುಹೋದ ಐದರ ಬಗ್ಗೆ ಯಾರೂ ಹೇಳಲಿಲ್ಲ.
ಬ್ರಿನ್ ಹೆಲಿಗ್‌ಗೆ ಈಗ ಸ್ವಂತ ಬಾಗಿಲಿಲ್ಲ,
ಇನ್ನು ಮೂರು ಊರುಗಳ ಜೊತೆ ಒಂಬತ್ತರಲ್ಲಿ ಬಾಡಿಗೆಗಿದೆ.
ಹದಿನಾಲ್ಕನೆಯ ಕಟ್ಟೆಯಿದ್ದಲ್ಲಿ ಲ್ಯಾವೆಂಡರ್ ಕುಂಡ,
ಅದರಲ್ಲಿ ಸಿಗರೇಟು ತುಂಡು.

ನಕ್ಷೆಯಲ್ಲಿ ಕಾಣದ ಒಂದು ಸಂಗತಿಯಿದೆ.
ಮೊದಲೆಲ್ಲ ತಡವಾಗಿ ಬಂದವರು
ಪಕ್ಕದ ಕನ್ನಡಿಯಲ್ಲಿ ಚಿಕ್ಕದಾಗಿ ಜಾರಿಹೋಗುತ್ತಿದ್ದರು.
ಈಗ ಹಿಂದೆ ಸರಿಯುವಾಗ ಅವರು ಎದುರಿಗೇ ಇರುತ್ತಾರೆ,
ಗಾಜಿಗೆ ಅಂಗೈ ಒತ್ತಿ, ಪೂರ್ತಿ ಮುಖ.
ರಿವರ್ಸ್ ಗೇರು ಬಿದ್ದ ಮೇಲೆ ಬಾಗಿಲು ತೆರೆಯುವಂತಿಲ್ಲ,
ಅದು ನಿಯಮ, ಒಳ್ಳೆಯ ನಿಯಮ.

ನಿನ್ನೆ ಒಬ್ಬ ಹುಡುಗ, ಶಾಲೆಯ ಟೈ ಹೆಗಲ ಮೇಲೆ.
ಮುಂದಿನ ಸೀಟಿನಿಂದ ಟೆಗ್ವೆನ್ ಕೇಳಿದಳು,
ಯಾರಾದರೂ ಉಳಿದರಾ?
ಒಬ್ಬ, ಅಂದೆ.
ಮಳೆಯಲ್ಲಿ ನೆನೆಯುವುದಿಲ್ಲವಲ್ಲ, ಅಂದಳು.
ಇಲ್ಲ, ಅಂದೆ. ಮುಂದಿನದು ಒಂದೂವರೆ ಗಂಟೆ ಬಿಟ್ಟು.
ಬಸ್ಸು ಬೀಪ್ ಬೀಪ್ ಎನ್ನುತ್ತ ಹಿಂದಕ್ಕೆ ಹಿಂದಕ್ಕೆ ಹೋಯಿತು.
ಹುಡುಗನ ಕೈ ಗಾಜಿನ ಮೇಲೇ ಇತ್ತು.